ಸುರಂಗದೊಳಗೆ ಸಿಕ್ಕಿದ "ಬೆನ್ನೆಲುಬು": ನಮ್ಮ ಮುರಕಲ್ಲಿನಲ್ಲಿ ಇಕ್ತಿಯೋಸಾರ್ ಸಿಗ್ಲಿಕ್ಕೆ ಸಾಧ್ಯ ಉಂಟಾ?

ಪೆರ್ಲ_ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಗುಡ್ಡೆಯಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಹಳೇ ಸುರಂಗದ ನೀರು ಬತ್ತಿದ ಕಾರಣ ಇನ್ನೂ ಸ್ವಲ್ಪ ಒಳಗೆ ತೋಡಿಸ್ತಾ ಇದ್ದಾರೆ. ಅಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಎಡೆಯಿಂದ ಒಂದು ಸಾಮಾನು ಬಂತು, ಗೇಣುದ್ದ, ಗಂಟುಗಂಟು, ನಡುವೆ ತೂತು, ಹೊರಗೆ ಕಂದು ಬಣ್ಣ ಹೊಳಪು ಹೊಳಪು, ಒಳಗೆ ಹಳದಿ ಮಣ್ಣು ತುಂಬಿದೆ. ಫೋಟೋ ಹಾಕಿದ್ದೇನೆ. ಸಂಜೆಯೊಳಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅದು "ಕಡಲ ದೈತ್ಯನ ಬೆನ್ನೆಲುಬು" ಆಗಿಹೋಯ್ತು, ಯಾರೋ ಕೋಟಿ ಬೆಲೆ ಬಾಳ್ತದೆ ಅಂತ ಬೇರೆ ಹಾಕಿದ್ರು.

ನನ್ನ ಅಕ್ಕನ ಮಗಳು ಪ್ಲಸ್ ಟು ಸೈನ್ಸ್, ಅವಳಿಗೆ ಈ ಹಳೇ ಕಾಲದ ಕಡಲ ಸರೀಸೃಪಗಳ ಹುಚ್ಚು, ಇಕ್ತಿಯೋಸಾರ್ ಪ್ಲೀಸಿಯೋಸಾರ್ ಮೋಸಾಸಾರ್ ಅಂತ ಊಟದ ಹೊತ್ತಿಗೂ ಅದೇ ಮಾತು. ಅವಳು ಫೋಟೋ ನೋಡಿ "ಮಾವ, ಇದು ಎಲುಬಲ್ಲ" ಅಂದ್ಲು ಅಷ್ಟೆ, ಯಾಕೆ ಅಂತ ಕೇಳಿದ್ರೆ ನೀವೇ ಯಾರನ್ನಾದ್ರೂ ಕೇಳಿ ಅಂತಾಳೆ. ಹಾಗಾಗಿ ಕೇಳ್ತಾ ಇದ್ದೇನೆ. ಒಂದು, ಇದು ಎಂತದ್ದು? ಎರಡು, ಇಷ್ಟು ಹತ್ತಿರ ಕಡಲಿರುವ ನಮ್ಮ ಕಾಸರಗೋಡಿನಲ್ಲಿ ಅಂಥದ್ದು ಸಿಗ್ಲಿಕ್ಕೆ ಸಾಧ್ಯ ಉಂಟಾ ಇಲ್ವಾ? ಮೂರು, ಇದನ್ನೇ ಓದ್ತೇನೆ ಅಂತ ಹಟ ಹಿಡಿದಿದ್ದಾಳೆ, ಭಾವನಿಗೆ ನರ್ಸಿಂಗ್ ಸೇರಿಸ್ಲಿಕ್ಕುಂಟು. ಎಲ್ಲಿ ಓದುದು, ಓದಿ ಎಂತ ಮಾಡುದು?

ಕುಂಬಳೆ_ಕಡಲು:
ಅನಂತಪುರ ದೇವಸ್ಥಾನದ ಮೊಸಳೆ ಬಬಿಯನ ಅಜ್ಜನ ಅಜ್ಜಂದಿರಬೇಕು ಮಾರಾಯ್ರೆ 😀 ಟಿವಿಯವರು ಬಂದ್ರೆ ಹಾಗೇ ಹೇಳಿಬಿಡಿ, ನೈವೇದ್ಯದ ಅನ್ನ ತಿಂತಿತ್ತು ಅಂತ.

ಕಲ್ಲು_ಓದುವವಳು:
ನಾನು ಕಾಸರಗೋಡು ಗವರ್ನ್‌ಮೆಂಟ್ ಕಾಲೇಜಿನಲ್ಲಿ ಜಿಯಾಲಜಿ ಓದಿದವಳು, ಈಗ ಊರಲ್ಲಿಲ್ಲ. ಫೋಟೋ ನೋಡಿದೆ. ನಿಮ್ಮ ಅಕ್ಕನ ಮಗಳು ಹೇಳಿದ್ದೇ ಸರಿ, ಅದು ಮುರಕಲ್ಲಿನೊಳಗೆ ಆಗುವ ಕಬ್ಬಿಣದ ಕೊಳವೆ.

ಮುರಕಲ್ಲು ಹೇಳಿದ್ರೆ ಕಡಲಡಿಯಲ್ಲಿ ಹೂಳು ಕೂತು ಆದ ಕಲ್ಲಲ್ಲ. ಅಡಿಯಲ್ಲಿರುವ ಗಟ್ಟಿ ಕಲ್ಲು, ನಮ್ಮ ಕಡೆ ನೈಸ್, ಚಾರ್ನೋಕೈಟ್ ಅಂಥವು, ಲಕ್ಷಾಂತರ ವರ್ಷ ಮಳೆ ಬಿಸಿಲು ತಿಂದು ಇದ್ದಲ್ಲೇ ಕೊಳೆತು, ಸಿಲಿಕಾ ಸುಣ್ಣ ಎಲ್ಲ ನೀರಿನೊಟ್ಟಿಗೆ ಇಳಿದುಹೋಗಿ, ಹಿಂದೆ ಉಳಿದ ಕಬ್ಬಿಣ ಮತ್ತೆ ಅಲ್ಯೂಮಿನಿಯಂ ಗಟ್ಟಿಯಾದ್ರೆ ಅದೇ ಮುರಕಲ್ಲು. ನೀರು ಇಳಿದ ದಾರಿ, ಬೇರು ಹೋದ ದಾರಿ, ಗೆದ್ದಲು ಮಾಡಿದ ದಾರಿ ಎಲ್ಲದರ ಗೋಡೆಗೂ ಕಬ್ಬಿಣ ಹತ್ತಿಕೊಳ್ತದೆ. ಹಾಗಾಗಿ ಕೊಳವೆ, ಗಂಟು, ತೂತು ಮುರಕಲ್ಲಿನ ಹುಟ್ಟುಗುಣ. ಸುರಂಗ ತೋಡುವವರನ್ನು ಕೇಳಿ, ಅವರು ಇಂಥದ್ದನ್ನು ದಿನಾ ನೋಡ್ತಾರೆ, ಮೇಲೆ ಗಟ್ಟಿ ಮುರ, ಕೆಳಗೆ ಹೋದ ಹಾಗೆ ಮೆತ್ತಗಾಗಿ ಕೊನೆಗೆ ಬಿಳಿ ಜೇಡಿ, ಆ ಜೇಡಿ ಮೇಲೆಯೇ ನೀರು ನಿಲ್ಲುದು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಬಂದದ್ದೇ ನಮ್ಮ ಕೇರಳದಿಂದ, ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದನ್ನು ನೋಡಿದ ಫ್ರಾನ್ಸಿಸ್ ಬುಕಾನನ್ 1807ರ ಪುಸ್ತಕದಲ್ಲಿ ಬರೆದದ್ದು. ಈಗ ಅಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಬೋರ್ಡುಂಟು.

ಇನ್ನೊಂದು ವಿಷಯ, ಮುರಕಲ್ಲು ಆಗುವ ನೀರು ಹುಳಿ. ಎಲುಬಿನಲ್ಲಿರುದು ಕ್ಯಾಲ್ಸಿಯಂ ಫಾಸ್ಫೇಟು, ಆ ಹುಳಿ ನೀರಲ್ಲಿ ಅದು ಉಳಿಯುದೇ ಕಷ್ಟ. ನಿಮಗೆ ಖಚಿತ ಬೇಕಾದ್ರೆ ಒಂದು ಟೈಲ್ಸ್ ತುಂಡಿನ ಹಿಂಬದಿ, ಪಾಲಿಶ್ ಇಲ್ಲದ ಬದಿಯಲ್ಲಿ, ಅದನ್ನು ಗೀರಿ ನೋಡಿ. ಹಳದಿ ಕಂದು ಗೆರೆ ಬಿದ್ರೆ ಗೋಥೈಟ್, ಕಬ್ಬಿಣದ ಖನಿಜ. ಮತ್ತೆ ಮುರಿದ ಕಡೆ ಲೆನ್ಸ್ ಇಟ್ಟು ನೋಡಿ. ಎಲುಬಾದ್ರೆ ಹೊರಗೆ ಒತ್ತಾದ ಪದರ ಇದ್ದು ಒಳಗೆ ಸಣ್ಣ ಸಣ್ಣ ಕೋಣೆ ಕೋಣೆ ಇರ್ತದೆ, ಪಳೆಯುಳಿಕೆ ಆದ ಮೇಲೂ ಆ ಕೋಣೆಗಳು ಕಾಣ್ತವೆ. ನಿಮ್ಮದರಲ್ಲಿ ಈರುಳ್ಳಿ ಸಿಪ್ಪೆ ಹಾಗೆ ಸುತ್ತು ಸುತ್ತು ಕಾಣಬಹುದು.

ಪೆರ್ಲ_ತೋಟ:
ಗೀರಿ ನೋಡಿದೆ ಅಕ್ಕಾ. ಹಳದಿ ಕಂದು. ಒಳಗೆ ಸುತ್ತೂ ಉಂಟು. ಗ್ರೂಪಿನಲ್ಲಿ ಹೇಳಿದ್ದಕ್ಕೆ "ನಿಮಗೆ ಯಾರೋ ಸುಳ್ಳು ಹೇಳಿ ಅದನ್ನು ಹೊಡೆಯುವ ಪ್ಲಾನ್" ಅಂತ ಒಬ್ರು ಮೆಸೇಜ್ ಹಾಕಿದ್ದಾರೆ. ಇರ್ಲಿ. ಆದ್ರೆ ನನಗೆ ಇನ್ನೂ ಒಂದು ತಲೆಗೆ ಹೋಗ್ಲಿಲ್ಲ. ಮುರಕಲ್ಲಿನಲ್ಲಿ ಇಲ್ಲ ಸರಿ, ಆದ್ರೆ ಕಡಲು ಇಲ್ಲೇ ಹತ್ತು ಹದಿನೈದು ಮೈಲಿ ಕೆಳಗೆ ಉಂಟಲ್ಲ. ಕಡಲ ಪ್ರಾಣಿಗಳ ಎಲುಬು ಎಲ್ಲೋ ಒಂದು ಕಡೆ ಇರ್ಬೇಕಲ್ಲ?

ಕಲ್ಲು_ಓದುವವಳು:
ಇದು ಒಳ್ಳೇ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಮೀನಿನ ಆಕಾರದ ಸರೀಸೃಪ ಈ ಇಕ್ತಿಯೋಸಾರ್‌ಗಳು ಕಡಲಿಗೆ ಬಂದದ್ದು ಸುಮಾರು 25 ಕೋಟಿ ವರ್ಷ ಹಿಂದೆ, ಪೂರ್ತಿ ಮುಗಿದದ್ದು ಸುಮಾರು 9 ಕೋಟಿ ವರ್ಷ ಹಿಂದೆ. ಅಷ್ಟು ಕಾಲದಲ್ಲಿ ನಮ್ಮ ಈ ಕರಾವಳಿ ಕರಾವಳಿಯೇ ಅಲ್ಲ. ಈಗ ಕುಂಬಳೆ, ಬೇಕಲದಲ್ಲಿ ನಿಂತು ಪಡುವಣಕ್ಕೆ ನೋಡಿದ್ರೆ ಕಡಲು ಕಾಣುವ ಜಾಗದಲ್ಲಿ ಆಗ ಮಡಗಾಸ್ಕರ್ ಅಂಟಿಕೊಂಡಿತ್ತು. ಅದು ಬಿಟ್ಟು ಹೋದದ್ದು ಸುಮಾರು 8.8 ಕೋಟಿ ವರ್ಷ ಹಿಂದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬ ಕಲ್ಲು ಉಂಟಲ್ಲ, ಅದು ಆ ಬಿರುಕಿನ ಕಾಲದಲ್ಲಿ ಉಕ್ಕಿದ ಲಾವಾ. ಅಂದ್ರೆ ನಮ್ಮ ಬಾಗಿಲಿನ ಎದುರಿನ ಕಡಲು ಇಕ್ತಿಯೋಸಾರ್‌ಗಳಿಗಿಂತ ಕಿರಿದು. ಅವು ಇಲ್ಲಿ ಈಜ್ಲಿಕ್ಕೆ ನೀರೇ ಇರ್ಲಿಲ್ಲ. ಮೋಸಾಸಾರ್, ಉದ್ದ ಕುತ್ತಿಗೆಯ ಪ್ಲೀಸಿಯೋಸಾರ್ ಮಾತ್ರ 6.6 ಕೋಟಿ ವರ್ಷ ಹಿಂದಿನ ತನಕ ಇದ್ದವು, ಆಗ ಇಲ್ಲಿ ನೀರು ಬಂದಾಗಿತ್ತು, ಆದ್ರೆ ಆಗ ಬಿದ್ದ ಹೂಳೆಲ್ಲ ಈಗಿನ ಕಡಲಡಿಯಲ್ಲಿ ಬಹಳ ಆಳದಲ್ಲಿ ಉಂಟು, ನಮ್ಮ ಗುಡ್ಡೆಯಲ್ಲಿಲ್ಲ. ಗುಡ್ಡೆಯ ಬುಡದ ಗಟ್ಟಿ ಕಲ್ಲು 200 ಕೋಟಿ ವರ್ಷಕ್ಕಿಂತಲೂ ಹಿಂದಿನದ್ದು, ಆಗ ಎಲುಬಿರುವ ಪ್ರಾಣಿಯೇ ಹುಟ್ಟಿರ್ಲಿಲ್ಲ. ಬುಡದ ಕಲ್ಲು ತೀರಾ ಹಳತು, ಮೇಲಿನ ಮುರ ತೀರಾ ಹೊಸತು, ನಮಗೆ ಬೇಕಾದ ನಡುವಿನ ಪುಸ್ತಕವೇ ಇಲ್ಲಿ ಇಲ್ಲ.

ದೇಶದ ಮೂಡಣ ಕರಾವಳಿಯ ಕತೆ ಬೇರೆ. ಆ ಕಡೆ ಅಂಟಾರ್ಟಿಕಾ ಬಿಟ್ಟು ಹೋದದ್ದು ಬಹಳ ಮೊದಲು, ಸುಮಾರು 13 ಕೋಟಿ ವರ್ಷ ಹಿಂದೆ. ಹಾಗಾಗಿ ಇಕ್ತಿಯೋಸಾರ್ ಇನ್ನೂ ಬದುಕಿದ್ದಾಗಲೇ ಕಾವೇರಿ ಬಯಲಿಗೆ ಕಡಲು ನುಗ್ಗಿತ್ತು. ತಿರುಚ್ಚಿ, ಪೆರಂಬಲೂರು, ಅರಿಯಲೂರು ಕಡೆ ಆ ಕಡಲಿನ ಹೂಳು ಈಗ ಒಣ ನೆಲದಲ್ಲಿ ಬಯಲಾಗಿ ಬಿದ್ದಿದೆ.

ಹೊಸೂರು_ಬುಲೆಟ್:
ಅಕ್ಕಾ ನಾನು ಹೊಸೂರಿಂದ, ನೀವು ಹೇಳಿದ್ ಜಾಗಕ್ಕೆ ಹೋಗ್ಬಂದಿದೀನಿ. ನಮ್ ಕಡೆ ಕೃಷ್ಣಗಿರಿಲೆಲ್ಲಾ ಬರೀ ಗ್ರಾನೈಟು, ಫಾಸಿಲ್ಲು ಗೀಸಿಲ್ಲು ಏನೂ ಇಲ್ಲ, ಅದ್ಕೆ ಫ್ರೆಂಡ್ಸ್ ಜೊತೆ ಬೈಕ್ ಹಾಕ್ಕೊಂಡು ಕಾರೈ ಅಂತ ಊರೈತೆ ಪೆರಂಬಲೂರು ಜಿಲ್ಲೇಲಿ, ಅಲ್ಲಿಗೋದ್ವಿ. ಊರು ದಾಟಿದ್ ಮೇಲೆ ಇದ್ದಕ್ಕಿದ್ದಂಗೆ ನೆಲ ಎಲ್ಲಾ ಕಿತ್ತೋಗ್ಬಿಟ್ಟೈತೆ, ಹಳದಿ ಕೆಂಪು ಜೇಡಿ ದಿಬ್ಬ, ಮಳೆ ನೀರು ಕೊರೆದಿರೋ ಕೊರಕಲು, ಒಂದ್ ಮರ ಇಲ್ಲ. ನೆಲದ್ ತುಂಬಾ ಗಾಜಿನ್ ಚೂರಂಗೆ ಮಿನುಗ್ತಾ ಇತ್ತು, ಯಾರೋ ಬಾಟ್ಲು ಒಡೆದವ್ರೆ ಅನ್ಕೊಂಡ್ವಿ, ನೋಡಿದ್ರೆ ಜಿಪ್ಸಮ್ಮು. ಅದರ ಮಧ್ಯೆ ಬೆರಳಿನ ತುದಿ ಥರ ಕಲ್ಲು, ಒಂದ್ ಕಡೆ ಚೂಪು, ಬೆಲೆಮ್ನೈಟ್ ಅಂತಾರಲ್ಲ ಅವು, ಹಳೇ ಕಾಲದ ಸ್ಕ್ವಿಡ್ ಥರದ ಪ್ರಾಣಿದು. ಬಗ್ಗಿದ್ ಕಡೆ ಎಲ್ಲಾ ಅವೇ. ದೊಡ್ಡ ಎಲುಬೇನೂ ಕಾಣಿಸ್ಲಿಲ್ಲ ಬಿಡಿ.

ಅಲ್ಲಿ ಒಬ್ರು ತಾತ "ಮುಟ್ಟೈ, ಮುಟ್ಟೈ" (ತಮಿಳಲ್ಲಿ ಮೊಟ್ಟೆ) ಅಂತ ಒಂದು ಕಡೆ ಕೈ ತೋರಿಸಿದ್ರು. 2020ರಲ್ಲಿ ಅದೇ ಜಿಲ್ಲೆ ಕುನ್ನಂ ಹತ್ರ ಕೆರೇಲಿ ಡೈನೋಸಾರ್ ಮೊಟ್ಟೆ ಸಿಕ್ತು ಅಂತ ಫೇಸ್‌ಬುಕ್ಕಲ್ಲಿ ಓಡಾಡ್ತಲ್ಲ, ಆಮೇಲೆ ತಿಳಿದವ್ರು ಬಂದು ಮೊಟ್ಟೆ ಅಲ್ಲ, ಅಮ್ಮೊನೈಟ್ ಅನ್ನೋ ಸುರುಳಿ ಚಿಪ್ಪಿನ ಕಡಲ ಪ್ರಾಣಿ ಸುತ್ತ ಹೂಳು ಗಟ್ಟಿಯಾಗಿರೋ ಉಂಡೆ ಅಂತ ಹೇಳಿದ್ರು. ಜನಕ್ಕೆ ಮೊಟ್ಟೆ ಅಂದ್ರೇನೆ ಖುಷಿ.

ಕಲ್ಲು_ಓದುವವಳು:
ಕಾರೈ ಸರಿಯಾದ ಜಾಗ. ಅಲ್ಲಿಯ ಉತ್ತಟ್ಟೂರ್ ಅನ್ನುವ ಕಲ್ಲಿನ ಪದರಗಳಿಂದ ಸಿಕ್ಕಿದ ಇಕ್ತಿಯೋಸಾರ್ ಬೆನ್ನುಮೂಳೆಗಳಿಗೆ ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಲೈಡೆಕ್ಕರ್ 19ನೇ ಶತಮಾನದಲ್ಲೇ ಇಕ್ತಿಯೋಸಾರಸ್ ಇಂಡಿಕಸ್ ಅಂತ ಹೆಸರಿಟ್ಟಿದ್ದ, ಆಮೇಲೆ ಅದನ್ನು ಪ್ಲಾಟಿಪ್ಟೆರಿಜಿಯಸ್ ಅನ್ನುವ ಗುಂಪಿಗೆ ಹಾಕಿದ್ರು. ಆ ಪದರಕ್ಕೆ ಹತ್ತಿರ ಹತ್ತಿರ 10 ಕೋಟಿ ವರ್ಷ. ಅಂದ್ರೆ ಇಡೀ ಇಕ್ತಿಯೋಸಾರ್ ವಂಶದ ಕೊನೇ ತಲೆಮಾರುಗಳು ಈಜಿದ್ದು ಕಾರೈ ಕಡಲಿನಲ್ಲಿ. ನಿಮಗೆ ದೊಡ್ಡ ಎಲುಬು ಕಾಣದ್ದು ಆಶ್ಚರ್ಯ ಅಲ್ಲ, ಅಲ್ಲಿ ಸಿಗುದು ಒಂದು ಹಲ್ಲು, ಒಂದು ಮೂಳೆ ಬಿಲ್ಲೆ ಅಷ್ಟೆ.

ಹೆಚ್ಚುಕಮ್ಮಿ ಇಡೀ ಅಸ್ಥಿಪಂಜರ ಬೇಕಾದ್ರೆ ಗುಜರಾತಿನ ಕಚ್ಛ್‌ಗೆ ಹೋಗ್ಬೇಕು. ಭುಜ್ ಹತ್ತಿರ ಲೋಡಾಯಿ ಹಳ್ಳಿಯಲ್ಲಿ ಸಿಕ್ಕಿದ ಇಕ್ತಿಯೋಸಾರನ್ನು ದೆಹಲಿ ವಿಶ್ವವಿದ್ಯಾಲಯದ ಜಿ.ವಿ.ಆರ್. ಪ್ರಸಾದ್ ಮತ್ತು ಜೊತೆಯವರು 2017ರಲ್ಲಿ ಪ್ರಕಟ ಮಾಡಿದ್ರು, ಸುಮಾರು ಐದೂವರೆ ಮೀಟರ್ ಉದ್ದ, 15 ಕೋಟಿ ವರ್ಷ ಹಿಂದಿನದ್ದು. ಜುರಾಸಿಕ್ ಕಾಲದ ಇಕ್ತಿಯೋಸಾರ್ ಭಾರತದಲ್ಲಿ ಸಿಕ್ಕಿದ್ದು ಅದೇ ಮೊದಲು. ಹಲ್ಲು ಸವೆದದ್ದು ನೋಡಿ ಗಟ್ಟಿ ಚಿಪ್ಪಿನ ಬೇಟೆ ತಿಂತಿತ್ತು ಅಂತ ಅಂದಾಜು ಮಾಡಿದ್ದಾರೆ.

ಆದೋನಿ_ಹತ್ತಿ:
ನಮ್ಮ ಕಡೀಗೂ ಇಂಥಾ ಕತಿ ಭಾಳ ಅದಾವ. ಮನಿ ಕಟ್ಟಾಕ ಬೇತಂಚೆರ್ಲ ಕಲ್ಲು, ಕಡಪ ಕಲ್ಲು ತರ್ತೀವಲ್ಲ, ಒಂದು ಬಂಡಿ ಮ್ಯಾಲ ಚಂದ ಗಿಡದ ಚಿತ್ರ, ಟೊಂಗಿ ಎಲಿ ಸುದ್ದಾ ಮೂಡಿತ್ತು. ನಮ್ಮ ದೊಡ್ಡಪ್ಪ ಅದನ್ನ ದೇವರ ಮನ್ಯಾಗ ಹಾಕಿಸ್ಯಾನ, ಲಕ್ಷಗಟ್ಟಲೆ ವರ್ಷದ ಗಿಡ ಅಂತ. ಅದು ಫಾಸಿಲ್ಲೇನು?

ಕಲ್ಲು_ಓದುವವಳು:
ಅಲ್ಲ. ಕಲ್ಲಿನ ಸಂದಿಯಲ್ಲಿ ನೀರು ಹರಿದು ಮ್ಯಾಂಗನೀಸ್ ಕವಲು ಕವಲಾಗಿ ಕೂತದ್ದು, ಡೆಂಡ್ರೈಟ್ ಅಂತ ಹೆಸರು. ಆ ಕಲ್ಲುಗಳು ಗಿಡವೇ ಇಲ್ಲದ ಕಾಲದವು, ನೂರು ಕೋಟಿ ವರ್ಷಕ್ಕೂ ಹಿಂದಿನವು ಅದರಲ್ಲಿ ಉಂಟು. ಜೀವ ಬೇಕಾದ್ರೆ ಕಡಪ ಕಡೆ ಸ್ಟ್ರೊಮಟೊಲೈಟ್ ಹುಡುಕಿ, ಸೂಕ್ಷ್ಮಜೀವಿಗಳು ಪದರ ಪದರ ಕಟ್ಟಿದ ದಿಬ್ಬ. ದೊಡ್ಡಪ್ಪನಿಗೆ ಹೇಳ್ಬೇಡಿ, ಚಂದ ಉಂಟಲ್ಲ ಇರ್ಲಿ.

ಮಂಜೇಶ್ವರ_ಮಾಷ್ಟ್ರು:
ಎಲ್ಲ ಓದಿದೆ, ಚೆನ್ನಾಗಿ ನಡೀತಾ ಉಂಟು. ನಾನು ಕೆಮಿಸ್ಟ್ರಿಯವ, ಹಾಗಾಗಿ ಒಂದು ತಕರಾರು. ನೆಲದ ಮೇಲಿದ್ದ ಸರೀಸೃಪ ನೀರಿಗೆ ವಾಪಸ್ ಹೋಗಿ ಇಕ್ತಿಯೋಸಾರ್ ಆಯ್ತು ಅಂತ ಎಲ್ಲ ಕಡೆ ಬರೀತಾರೆ. ನೋಡ್ಲಿಕ್ಕೆ ಮೀನಿನ ಹಾಗೆಯೇ ಉಂಟು, ಬಾಲ ಮೀನಿನದ್ದು, ಬೆನ್ನಿನ ಮೇಲೆ ರೆಕ್ಕೆಯೂ ಮೀನಿನದ್ದು. ಮೀನಿನಿಂದ ನೇರ ಆದದ್ದಲ್ಲ ಅಂತ ಹೇಗೆ ಹೇಳ್ತೀರಿ? ವಾಪಸ್ ಹೋದದ್ದಾದ್ರೆ ಕಿವಿರು ಯಾಕೆ ವಾಪಸ್ ಬರ್ಲಿಲ್ಲ?

ಕಲ್ಲು_ಓದುವವಳು:
ಮಾಷ್ಟ್ರೇ, ಕಿವಿರು ವಾಪಸ್ ಬಾರದ್ದೇ ಸಾಕ್ಷಿ. ಆಕಾರ ಮೀನಿನದ್ದು, ಒಳಗಿನ ಸಾಮಾನು ಸರೀಸೃಪದ್ದು. ಉಸಿರು ಮೂಗಿನಿಂದ, ಮೇಲೆ ಬಂದು ತೆಗೆದುಕೊಳ್ಬೇಕು. ರೆಕ್ಕೆ ಅಂತ ಕಾಣುವ ಮುಂದಿನ ಕಾಲನ್ನು ಬಿಡಿಸಿದ್ರೆ ನಮ್ಮ ತೋಳಿನ ಎಲುಬು, ಮೊಣಕೈ ಕೆಳಗಿನ ಎರಡು ಎಲುಬು, ಮಣಿಕಟ್ಟು, ಬೆರಳು ಎಲ್ಲ ಕ್ರಮದಲ್ಲಿ ಉಂಟು, ಬೆರಳಿನ ಗೆಣ್ಣು ಮಾತ್ರ ಹತ್ತಾರು ಆಗಿ ಒತ್ತೊತ್ತಾಗಿ ಜೋಡಿಸಿಟ್ಟ ಹಾಗಿರ್ತದೆ. ಸಾಮಾನ್ಯ ಮೀನಿನ ರೆಕ್ಕೆಯಲ್ಲಿ ಇದು ಯಾವುದೂ ಇಲ್ಲ. ಶಾರ್ಕ್, ಇಕ್ತಿಯೋಸಾರ್, ಡಾಲ್ಫಿನ್ ಮೂರೂ ನೀರಿನಲ್ಲಿ ಜೋರು ಓಡುವ ಒಂದೇ ಕೆಲಸಕ್ಕೆ ಮೂರು ಬೇರೆ ಬೇರೆ ಮನೆತನದಿಂದ ಬಂದು ಒಂದೇ ಆಕಾರಕ್ಕೆ ಸೇರಿದವು.

ಇನ್ನು ವಾಪಸ್ ಹೋದ ದಾರಿ. ಚೀನಾದ ಆನ್‌ಹುಯಿ ಪ್ರಾಂತ್ಯದ ಚಾವೊಹು ಹತ್ತಿರದ ಕಲ್ಲಿನಿಂದ ಕಾರ್ಟೋರಿಂಕಸ್ ಅಂತ ಇಕ್ತಿಯೋಸಾರಿನ ಹಳೇ ನೆಂಟನೊಂದನ್ನು 2014ರಲ್ಲಿ ವರದಿ ಮಾಡಿದ್ರು, ಒಂದು ಮೊಳಕ್ಕಿಂತ ದೊಡ್ಡದಿಲ್ಲ, ಮೋರೆ ಗಿಡ್ಡ, ಮುಂಗಾಲು ದೋಣಿಯ ಹುಟ್ಟಿನ ಹಾಗೆ ದೊಡ್ಡದು, ಬಾಗುವಂಥದ್ದು, ನೆಲದ ಮೇಲೂ ಸೀಲಿನ ಹಾಗೆ ತೆವಳಬಹುದಿತ್ತು ಅಂತ ಅವರ ವಾದ. ಅದೇ ವರ್ಷ ಅದೇ ಊರಿನ ಚಾವೊಹುಸಾರಸ್ ಅನ್ನುವ ಇಕ್ತಿಯೋಸಾರಿನ ವರದಿಯೂ ಬಂತು, 24.8 ಕೋಟಿ ವರ್ಷ ಹಳತು, ಹೆರುವಾಗಲೇ ಸತ್ತ ತಾಯಿ. ಒಂದು ಮರಿ ಹೊಟ್ಟೆಯಲ್ಲಿ, ಒಂದು ಅರ್ಧ ಹೊರಗೆ, ಒಂದು ಪಕ್ಕದಲ್ಲಿ. ಹೊರಗೆ ಬರ್ತಾ ಇದ್ದ ಮರಿಯ ತಲೆ ಮೊದಲು ಬಂದಿದೆ. ಡಾಲ್ಫಿನ್ ಮರಿ ಸಾಮಾನ್ಯ ಬಾಲ ಮೊದಲು ಬರುದು, ತಲೆ ಮೊದಲು ಬಂದ್ರೆ ನೀರಲ್ಲಿ ಉಸಿರುಕಟ್ಟುವ ಅಪಾಯ. ತಲೆ ಮೊದಲು ಬರುದು ನೆಲದ ಪ್ರಾಣಿಗಳ ಪದ್ಧತಿ. ಹಾಗಾಗಿ ಮರಿ ಹಾಕುದನ್ನು ಇವು ನೆಲದಲ್ಲಿದ್ದಾಗಲೇ ಕಲಿತು ಕಡಲಿಗೆ ತಂದವು ಅಂತ ಆ ತಂಡ ಹೇಳಿದ್ದು.

ಮಂಜೇಶ್ವರ_ಮಾಷ್ಟ್ರು:
ತಲೆ ಮೊದಲು ಬಂದ ಆ ಮರಿ ಒಪ್ಪಿದೆ, ಅದು ಗಟ್ಟಿ ವಾದ. ಆದ್ರೆ ಒಂದೇ ಒಂದು ಮಾದರಿ ಇಟ್ಟುಕೊಂಡು ಇಡೀ ವಂಶದ ಪದ್ಧತಿ ಹೇಳುದು ನನಗೆ ಸ್ವಲ್ಪ ಆತುರ ಅಂತ ಕಾಣ್ತದೆ. ಮನುಷ್ಯರಲ್ಲೂ ಕಾಲು ಮೊದಲು ಬರುವ ಮಗು ಇಲ್ವಾ. ಮತ್ತೆ ಅವು ತಣ್ಣನೆ ರಕ್ತದವು, ಆಳ ಕಡಲಲ್ಲಿ ಹೇಗೆ ಬದುಕಿದ್ವು?

ಕಲ್ಲು_ಓದುವವಳು:
ಆತುರದ ಮಾತು ಸರಿ ಮಾಷ್ಟ್ರೇ, ಆ ವಾದಕ್ಕೆ ಇನ್ನಷ್ಟು ಮಾದರಿ ಬೇಕು. ಆದ್ರೆ ತಣ್ಣನೆ ರಕ್ತ ಅನ್ನುದು ಈಗ ನಿಲ್ಲುದಿಲ್ಲ, ನಿಮ್ಮ ಕೆಮಿಸ್ಟ್ರಿಯೇ ಅದನ್ನು ಹೇಳಿದ್ದು. ಹಲ್ಲಿನಲ್ಲಿ ಉಳಿದ ಆಮ್ಲಜನಕದ ಐಸೋಟೋಪ್ (ಒಂದೇ ಧಾತುವಿನ, ತೂಕ ಬೇರೆ ಇರುವ ಪರಮಾಣು) ಅಳೆದು, ಅದೇ ಪದರದ ಮೀನಿನ ಹಲ್ಲಿನೊಟ್ಟಿಗೆ ಹೋಲಿಸಿ, ಇಕ್ತಿಯೋಸಾರ್ ಪ್ಲೀಸಿಯೋಸಾರ್ ಮೈಬಿಸಿ 35ರಿಂದ 39 ಡಿಗ್ರಿ ಆಸುಪಾಸು ಅಂತ 2010ರಲ್ಲಿ ಲೆಕ್ಕ ಹಾಕಿದ್ರು. 2018ರಲ್ಲಿ ಜರ್ಮನಿಯ ಒಂದು ಸ್ಟೆನೋಪ್ಟೆರಿಜಿಯಸ್ ಅನ್ನುವ ಇಕ್ತಿಯೋಸಾರಿನ ಚರ್ಮದ ಕೆಳಗೆ ತಿಮಿಂಗಿಲಕ್ಕಿರುವಂಥ ಕೊಬ್ಬಿನ ಪದರದ ಗುರುತೂ ಸಿಕ್ತು.

ಅಕ್ಕಲಕೋಟ_ಮಲ್ಲಣ್ಣ:
ನಮಸ್ಕಾರ್ರೀ ಎಲ್ಲಾರಿಗೂ. ನಿಮ್ಮ ಕಡಿ ಕೆಂಪ ಕಲ್ಲು, ಆ ಅಣ್ಣನ ಕಡಿ ಗ್ರಾನೈಟು, ನಮ್ಮ ಸೋಲಾಪುರ ಕಡಿ ಎಲ್ಲಾ ಕರಿಕಲ್ಲು. ಬಾವಿ ತಗದ್ರ ಸ್ವಲ್ಪ ಆಳಕ್ಕ ಕರಿಕಲ್ಲ ಬಡೀತೈತಿ, ಸುರಂಗ ಇಟ್ಟು ಹಾರಸ್ಬೇಕು. (ನಿಮ್ಮ ನೀರಿನ ಸುರಂಗ ಅಲ್ಲರೀ, ನಮ್ಮ ಕಡಿ ಸುರಂಗ ಅಂದ್ರ ಮದ್ದು.) ಒಡದ ಕಲ್ಲಿನ ತೂತಿನ್ಯಾಗ ಬೆಳ್ಳನ ಚೂಪ ಚೂಪ ಹಲ್ಲಿನಂಥಾವು ಸಿಗ್ತಾವ, ನಮ್ಮ ಹುಡುಗ್ರು ಶಾರ್ಕ್ ಹಲ್ಲು ಅಂತ ಡಬ್ಬ್ಯಾಗ ಇಟ್ಕೊಂಡಾರ. ಅವೇನು ಖರೇನ ಹಲ್ಲೇನ್ರೀ? ಮತ್ತ ಈ ಲಾವಾ ಉಕ್ಕೇ ಆ ಕಡಲ ಪ್ರಾಣಿ ಎಲ್ಲಾ ಸತ್ತು ಅಂತ ಎಲ್ಲೋ ಓದಿದ್ದೆ, ಅದರ ಮಾತೂ ಹೇಳ್ರಿ.

ಕಲ್ಲು_ಓದುವವಳು:
ಹಲ್ಲಲ್ಲ ಮಲ್ಲಣ್ಣನವರೇ, ಅವು ಜಿಯೋಲೈಟ್ ಹರಳು. ಲಾವಾ ಆರುವಾಗ ಗಾಳಿ ಗುಳ್ಳೆ ಉಳಿದ ತೂತಿನಲ್ಲಿ ಆಮೇಲೆ ಬೆಳೆದದ್ದು. ಹುಡುಗರು ಇಟ್ಟುಕೊಳ್ಳಲಿ, ಹರಳೂ ಚಂದವೇ.

ಲಾವಾದ ಮಾತು ಅರ್ಧ ನಿಜ. ನಿಮ್ಮ ಕರಿಕಲ್ಲು ಉಕ್ಕಿದ ಕಾಲ ಸುಮಾರು 6.6 ಕೋಟಿ ವರ್ಷದ ಆಚೀಚೆ, ಕೊನೇ ಮೋಸಾಸಾರ್, ಪ್ಲೀಸಿಯೋಸಾರ್ ಸತ್ತದ್ದೂ ಅದೇ ಹೊತ್ತಿಗೆ. ಆದ್ರೆ ಅದೇ ಹೊತ್ತಿಗೆ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬಿದ್ದು 180 ಕಿಲೋಮೀಟರ್ ಅಗಲದ ಹೊಂಡ ಆಯ್ತು. ಹೆಚ್ಚಿನವರು ಮುಖ್ಯ ಪೆಟ್ಟು ಅದೇ ಅಂತಾರೆ, ದಖ್ಖನ್ ಲಾವಾದ ಅನಿಲ ಎಷ್ಟು ಸೇರಿಸ್ತು ಅನ್ನುದರ ಮೇಲೆ ಜಗಳ ಇನ್ನೂ ಉಂಟು. ಇಕ್ತಿಯೋಸಾರ್‌ಗೆ ಮಾತ್ರ ಇದು ಯಾವುದೂ ಸಂಬಂಧ ಇಲ್ಲ, ಅವು ಅದಕ್ಕಿಂತ ಎರಡು ಕೋಟಿ ವರ್ಷಕ್ಕೂ ಮೊದಲೇ ಮುಗಿದಿದ್ವು, ಹವಾಮಾನ ಏರುಪೇರಾಗಿ ಕಡಲಲ್ಲಿ ಆಮ್ಲಜನಕ ಕಡಿಮೆಯಾದ ಕಾಲದಲ್ಲಿ.

ಅಕ್ಕಲಕೋಟ_ಮಲ್ಲಣ್ಣ:
ಹಂಗಾದ್ರ ನಮ್ಮ ಬಾವಿ ಕಲ್ಲು ಮೋಸಾಸಾರ್ ಓರಗಿ ಅನ್ರಿ. ಹುಡುಗ್ರಿಗೆ ಹೇಳ್ತೀನಿ. ಮೋಸಾಸಾರ್ ಅಂದ್ರ ಡೈನೋಸಾರಿನ್ಯಾಗ ಒಂದ ಜಾತಿ ಏನು?

ಕುಂಬಳೆ_ಕಡಲು:
ಅದು ನಾನು ಹೇಳ್ತೇನೆ, ಇಷ್ಟು ಓದಿ ಕಲಿತದ್ದುಂಟು. ಈ ಮೂರರಲ್ಲಿ ಒಂದೂ ಡೈನೋಸಾರ್ ಅಲ್ಲ. ಮೋಸಾಸಾರ್ ಹೇಳಿದ್ರೆ ಹಲ್ಲಿ, ಉಡ, ಹಾವಿನ ಬಳಗ. ತೋಟದಲ್ಲಿ ಕಾಣುವ ಉಡ ಉಂಟಲ್ಲ, ಅದರ ದೂರದ ನೆಂಟ ಹತ್ತು ಮೀಟರಿಗೂ ಉದ್ದ ಬೆಳೆದು ಕಾಲೆಲ್ಲ ಹುಟ್ಟು ಆದದ್ದು. ಮೊದಲು ಬರೀ ಹಾವಿನ ಹಾಗೆ ಬಾಲ ಆಡಿಸಿ ಈಜ್ತಿತ್ತು ಅಂತ ಚಿತ್ರ ಬರೀತಿದ್ರು, 2013ರಲ್ಲಿ ಜೋರ್ಡಾನಿನ ಒಂದು ಪ್ರೊಗ್ನಾಥೋಡಾನ್ ಅನ್ನುವ ಮೋಸಾಸಾರಿನಲ್ಲಿ ಬಾಲದ ರೆಕ್ಕೆಯ ಅಚ್ಚೇ ಸಿಕ್ಕಿ ಚಿತ್ರ ಎಲ್ಲ ಬದಲಾಯ್ತು. ಸರಿಯಾ ಅಕ್ಕಾ?

ಅದಿರ್ಲಿ, ನಾನು ಬೇರೆ ಐಡಿಯಾ ಕೊಡ್ತೇನೆ. ನೀಲೇಶ್ವರ ಕಡೆ ಕಡಲಾಮೆ ಮೊಟ್ಟೆ ಇಡ್ತವೆ, ಸತ್ತು ದಡಕ್ಕೆ ಬೀಳುದೂ ಉಂಟು. ಒಂದು ಸತ್ತ ಆಮೆ ತಂದು ತೋಟದಲ್ಲಿ ಹೂತಿಟ್ರೆ ಒಂದು ವರ್ಷದಲ್ಲಿ ಹುಡುಗಿಗೆ ಓದ್ಲಿಕ್ಕೆ ಇಡೀ ಅಸ್ಥಿಪಂಜರ!

ಕಲ್ಲು_ಓದುವವಳು:
ಮೋಸಾಸಾರ್ ಸರಿ. ಆಮೆ ದಯವಿಟ್ಟು ಬೇಡ!! ಕಡಲಾಮೆ, ಡಾಲ್ಫಿನ್ ಎಲ್ಲ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ ಉಂಟು, ಸತ್ತದ್ದರ ಚಿಪ್ಪು ಎಲುಬು ಇಟ್ಟುಕೊಂಡ್ರೂ ಕೇಸು. ದಡದಲ್ಲಿ ಕಂಡ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಲೀಲಿಕ್ಕೆ ಮನೆಯ ಅಂಜಲ್ ಮೀನೇ ಸಾಕು. ಊಟ ಆದ ಮೇಲೆ ಬಟ್ಟಲಲ್ಲಿ ಉಳಿದ ದೊಡ್ಡ ಬೆನ್ನುಮೂಳೆಯ ಬಿಲ್ಲೆ ತೊಳೆದು ಒಣಗಿಸಿ ನೋಡಿ, ಎರಡೂ ಬದಿಯಲ್ಲಿ ಕುಳಿ. ಇಕ್ತಿಯೋಸಾರ್ ಬಿಲ್ಲೆಗೂ ಎರಡು ಬದಿಯಲ್ಲಿ ಕುಳಿ ಉಂಟು. ಹಾಗಾದ್ರೆ ಕಾರೈ ಮಣ್ಣಲ್ಲಿ ಒಂದು ಬಿಲ್ಲೆ ಸಿಕ್ರೆ ದೊಡ್ಡ ಮೀನಿನದ್ದಾ ಇಕ್ತಿಯೋಸಾರಿನದ್ದಾ? ಮೇಲ್ಮೈ ನೋಡ್ಬೇಕು. ಇಕ್ತಿಯೋಸಾರಿನಲ್ಲಿ ನರದ ಹುರಿ ಹೋಗುವ ಕಮಾನು ಬಿಲ್ಲೆಗೆ ಬೆಸೆದಿರುದಿಲ್ಲ, ಸತ್ತ ಮೇಲೆ ಕಳಚಿ ಹೋಗ್ತದೆ, ಕೂತಿದ್ದ ಜಾಗದಲ್ಲಿ ಎರಡು ಉದ್ದ ಗುರುತು ಮಾತ್ರ ಉಳಿತದೆ. ಪಕ್ಕದಲ್ಲಿ ಪಕ್ಕೆಲುಬು ತಾಗುವ ಸಣ್ಣ ಉಬ್ಬು, ಎದೆಯ ಕಡೆ ಎರಡು, ಬಾಲದ ಕಡೆ ಹೋದ ಹಾಗೆ ಒಂದು. ಆ ಉಬ್ಬು ಎಷ್ಟು, ಎಷ್ಟು ಕೆಳಗೆ ಅಂತ ನೋಡಿ ಇದು ಬೆನ್ನಿನ ಯಾವ ಭಾಗದ್ದು ಅಂತ ಹೇಳಬಹುದು. ಇದೇ ನಿಜವಾದ ಕೆಲಸ. ಟಿವಿಯಲ್ಲಿ ತೋರಿಸುವ ಹಾಗೆ ಬ್ರಷ್ ಹಿಡಿದು ಗುಡಿಸಿದ್ರೆ ಇಡೀ ಪ್ರಾಣಿ ಎದ್ದು ಬರುದಿಲ್ಲ.

ಹೊಸೂರು_ಬುಲೆಟ್:
ಈಗ ಓದಿನ್ ವಿಷ್ಯಕ್ ಬರೋಣ. ಅಣ್ಣಾ ಬೇಜಾರ್ ಮಾಡ್ಕೋಬೇಡಿ, ಇದ್ರಲ್ಲಿ ಕೆಲ್ಸ ಎಲ್ಲೈತೆ? ನಮ್ ಮಾಮನ್ ಮಗ ಎಂಎಸ್ಸಿ ಜಿಯಾಲಜಿ ಮಾಡಿ ಕ್ವಾರೀಲಿ ಸೂಪರ್‌ವೈಸರ್ ಆಗವ್ನೆ, ಸಂಬ್ಳ ಹೇಳಂಗಿಲ್ಲ.

ತಾಳವಾಡಿ_ಟೀಚರ್:
ಕೆಲಸ ಇಲ್ಲ ಅಂತ ಹೇಳೋದು ಸುಲಭ. ಇಂಗ್ಲೆಂಡಿನ ಲೈಮ್ ರೆಜಿಸ್‌ನಲ್ಲಿ ಪಳೆಯುಳಿಕೆ ಹುಡುಕಿ ಮಾರುತ್ತಿದ್ದ ಮೇರಿ ಆನಿಂಗ್ ಕತೆ ಗೊತ್ತಲ್ಲ, 1799ರಲ್ಲಿ ಹುಟ್ಟಿದ್ದು, ಅಪ್ಪ ಮರಗೆಲಸದವನು, 1810ರಲ್ಲಿ ಸಾಲ ಬಿಟ್ಟು ಸತ್ತ. ಅಣ್ಣ ಒಂದು ಇಕ್ತಿಯೋಸಾರಿನ ತಲೆಬುರುಡೆ ಕಂಡುಹಿಡಿದ, ಮಿಕ್ಕ ಮೈ ಇವಳು ಹುಡುಕಿದಳು, ಹನ್ನೆರಡು ಹದಿಮೂರರ ಹುಡುಗಿ. ಆ ಇಕ್ತಿಯೋಸಾರ್ ಮಾರಿದ್ದು 23 ಪೌಂಡಿಗೆ. 1823ರಲ್ಲಿ ಇಡೀ ಪ್ಲೀಸಿಯೋಸಾರ್ ತೆಗೆದಾಗ ಕುತ್ತಿಗೆ ಇಷ್ಟು ಉದ್ದ ಇರೋಕೆ ಸಾಧ್ಯನೇ ಇಲ್ಲ ಅಂತ ಪ್ಯಾರಿಸ್ಸಿನ ಕುವಿಯೇ ಅನ್ನೋ ದೊಡ್ಡ ವಿಜ್ಞಾನಿ ಅನುಮಾನಪಟ್ಟ, ಆಮೇಲೆ ಒಪ್ಪಿಕೊಂಡ. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಅದನ್ನ ಚರ್ಚೆ ಮಾಡಿದ ಸಭೆಗೆ ಇವಳಿಗೆ ಪ್ರವೇಶ ಇಲ್ಲ, ಆ ಸೊಸೈಟಿ ಹೆಂಗಸರನ್ನ ಫೆಲೋ ಮಾಡಿಕೊಂಡದ್ದು 1919ರಲ್ಲಿ. ನಾನು ಇದನ್ನ ಮಕ್ಕಳಿಗೆ ಹೇಳೋದು ಬಡ ಹುಡುಗಿ ಗೆದ್ದಳು ಅಂತಲ್ಲ. ಗೆಲ್ಲಲಿಲ್ಲ ಅವಳು, ಕೊನೆವರೆಗೂ ದುಡ್ಡಿಗೆ ಪರದಾಡಿದಳು, ಪೇಪರಿನಲ್ಲಿ ಹೆಸರು ಕೊಂಡವರದ್ದು ಬಂತು. ಹಾಗಾಗಿ ಅಣ್ಣಾ, ಹುಡುಗಿ ಆಸೆ ಬೇರೆ, ಕೈಯಲ್ಲಿ ಡಿಗ್ರಿ ಬೇರೆ. ಡಿಗ್ರಿ ಮೊದಲು ಮಾಡಿಸಿ, ಹೆಸರು ಅವಳದ್ದೇ ಬರಲಿ.

ಕಲ್ಲು_ಓದುವವಳು:
ಟೀಚರ್ ಮಾತಿಗೆ ನನ್ನದೂ ಒಂದು ಓಟು. ಭಾವನವರಿಗೆ ಹೇಳ್ಲಿಕ್ಕೆ ಆಗುವ ಹಾಗೆ ಬರೀತೇನೆ. ಊರು ಬಿಡ್ಬೇಕಂತಿಲ್ಲ, ಕಾಸರಗೋಡು ಗವರ್ನ್‌ಮೆಂಟ್ ಕಾಲೇಜಿನಲ್ಲಿಯೇ ಬಿಎಸ್ಸಿ ಜಿಯಾಲಜಿ ಉಂಟು, ಪೆರಿಯದ ಸೆಂಟ್ರಲ್ ಯುನಿವರ್ಸಿಟಿಯಲ್ಲಿ ಎಂಎಸ್ಸಿ ಉಂಟು, ಕೊಣಾಜೆಯ ಮಂಗಳೂರು ಯುನಿವರ್ಸಿಟಿಯಲ್ಲಿ ಮೆರೈನ್ ಜಿಯಾಲಜಿ. ಬಿಎಸ್ಸಿ ಆದ ಮೇಲೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿಗೆ ಐಐಟಿಗೂ ಹೋಗಬಹುದು. ಯುಪಿಎಸ್‌ಸಿ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಪಾಸಾದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಗಜೆಟೆಡ್ ಕೆಲಸ, ನರ್ಸಿಂಗಿಗಿಂತ ಕಡಿಮೆ ಮರ್ಯಾದೆಯದ್ದಲ್ಲ. ಪಳೆಯುಳಿಕೆಯೇ ಬೇಕಾದ್ರೆ ನೆಟ್ ಬರೆದು ಪಿಎಚ್‌ಡಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಕೊಲ್ಕತ್ತಾದ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್), ದೆಹಲಿ, ಚಂಡೀಗಢ ಅಂಥ ಕಡೆ. ಸೀಟು ಕಮ್ಮಿ, ಅದು ಸತ್ಯ, ಬುಲೆಟ್ ಅವರ ಮಾಮನ ಮಗನ ಕತೆಯೂ ಸತ್ಯ. ಒಂದು ಎಚ್ಚರಿಕೆ, ಪ್ಲಸ್ ಟುನಲ್ಲಿ ಬಯಾಲಜಿ ಬಿಡುದು ಬೇಡ. ಕಡಲ ಸರೀಸೃಪ ಓದುವವರಿಗೆ ಕಲ್ಲು ಅರ್ಧ, ಎಲುಬು ಅರ್ಧ.

ಪೆರ್ಲ_ತೋಟ:
ಭಾವನಿಗೆ ಗಜೆಟೆಡ್ ಶಬ್ದ ಕೇಳಿದ ಮೇಲೆ ಸ್ವಲ್ಪ ಮೆತ್ತಗಾದ ಹಾಗೆ ಕಾಣ್ತದೆ 😀 ಟ್ರೈನಿನಲ್ಲಿ ತಿರುಚ್ಚಿಗೆ ಹೋಗಬಹುದಲ್ಲ, ಅಡಿಕೆ ಕೊಯ್ಲು ಮುಗಿದ ಮೇಲೆ ಅವಳನ್ನು ಕಾರೈಗೆ ಕರ್ಕೊಂಡು ಹೋಗುವ ಅಂತ ಉಂಟು. ಅವಳಿಗೇ ಅಕೌಂಟ್ ಮಾಡಿಕೊಟ್ಟಿದ್ದೇನೆ, ಇನ್ನು ಅವಳೇ ಕೇಳ್ತಾಳೆ.

ಹೊಸೂರು_ಬುಲೆಟ್:
ಬಿಸ್ಲಿಗ್ ಮುಂಚೆ ಹೋಗಿ, ನೆರಳೇ ಇಲ್ಲ, ನೀರು ಜಾಸ್ತಿ ಇಟ್ಕೊಳ್ಳಿ. ಸಾತನೂರಲ್ಲಿ ಕಲ್ಲಾಗಿರೋ ಮರದ್ ಬೊಡ್ಡೆ ಐತೆ, 18 ಮೀಟರ್, ಅದೂ ನೋಡ್ಕಂಡ್ ಬನ್ನಿ. ಆ ಮರ ಕಡಲಿಗೆ ಕೊಚ್ಚಿಕೊಂಡ್ ಬಂದು ಮುಳುಗಿದ್ದಂತೆ. ಅರಿಯಲೂರು ಜಿಲ್ಲೆ ವಾರಣವಾಸಿ ಹತ್ರ ಫಾಸಿಲ್ ಮ್ಯೂಸಿಯಂ ಕೂಡ ಐತೆ. ಏನೂ ಹೆಕ್ಕೊಂಡ್ ಬರ್ಬೇಡಿ, ಫೋಟೋ ತಗೊಳ್ಳಿ ಸಾಕು, ಹೋದೋರೆಲ್ಲಾ ಒಂದೊಂದ್ ಜೇಬಿಗ್ ಹಾಕ್ಕೊಂಡ್ರೆ ಓದೋರಿಗೆ ಏನುಳಿಯತ್ತೆ.

ಮೀನಲ್ಲದ_ಮೀನು:
ಎಲ್ಲರಿಗೂ ನಮಸ್ತೆ, ನಾನೇ ಆ ಅಕ್ಕನ ಮಗಳು. ಬಯಾಲಜಿ ಬಿಟ್ಟಿಲ್ಲ ಅಕ್ಕಾ. ನನಗೆ ಇಕ್ತಿಯೋಸಾರಿಗಿಂತ ಜಾಸ್ತಿ ಇಷ್ಟ ಪ್ಲೀಸಿಯೋಸಾರ್, ಮಾವ ತಪ್ಪು ಹೇಳಿದ್ದಾರೆ. ಎಲಾಸ್ಮೋಸಾರಸ್ ಅನ್ನುವ ಪ್ಲೀಸಿಯೋಸಾರಿನ ಕುತ್ತಿಗೆಯಲ್ಲಿ 72 ಮೂಳೆ ಉಂಟಂತೆ, ಅಮೆರಿಕದ ಕೋಪ್ ಅನ್ನುವ ವಿಜ್ಞಾನಿ 1869ರಲ್ಲಿ ಅದನ್ನು ಬಾಲ ಅಂತ ತಿಳಿದು ತಲೆಯನ್ನು ಆಚೆ ಬದಿಗೆ ಇಟ್ಟಿದ್ದನಂತೆ, ಲೈಡಿ ಅನ್ನುವ ಇನ್ನೊಬ್ಬ ವಿಜ್ಞಾನಿ ಆ ತಪ್ಪನ್ನು ತೋರಿಸಿಕೊಟ್ಟದ್ದು. ನನ್ನ ಡೌಟು, ನಾಲ್ಕು ಹುಟ್ಟೂ ಒಂದೇ ಹಾಗೆ ಉಂಟಲ್ಲ, ನಾಲ್ಕನ್ನೂ ಒಟ್ಟಿಗೆ ಬಡೀತಿತ್ತಾ ಇಲ್ಲ ಹಿಂದೆ ಮುಂದೆ ಮಾಡ್ತಿತ್ತಾ? ಆಮೆ ಮುಂದಿನದ್ದನ್ನು ಮಾತ್ರ ಜೋರು ಬಡೀತದೆ, ಹಿಂದಿನದ್ದು ತಿರುಗ್ಲಿಕ್ಕೆ.

ಕಲ್ಲು_ಓದುವವಳು:
ಬಾ ತಂಗಿ, ನಿನಗೆ ಕಾಯ್ತಾ ಇದ್ದೆ. ನಾಲ್ಕು ಹುಟ್ಟು ಒಂದೇ ಹಾಗಿರುವ ಈಜುವ ಪ್ರಾಣಿ ಈಗ ಯಾವುದೂ ಇಲ್ಲ, ಅದಕ್ಕೇ ಇದು ಇಷ್ಟು ವರ್ಷ ಎಳೆದದ್ದು. 2017ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನವರು ಪ್ಲೀಸಿಯೋಸಾರ್ ಹುಟ್ಟಿನ ಆಕಾರದ ಯಂತ್ರ ಮಾಡಿ ನೀರಿನ ತೊಟ್ಟಿಯಲ್ಲಿ ಬಡಿದು ನೋಡಿದ್ರು. ಮುಂದಿನ ಹುಟ್ಟು ಬಡಿದಾಗ ನೀರಲ್ಲಿ ಸುಳಿ ಏಳ್ತದೆ, ಹಿಂದಿನ ಹುಟ್ಟು ಆ ಸುಳಿಗಳ ನಡುವಿನ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದ್ರೆ ಅದರ ತಳ್ಳುವ ಬಲ 60 ಶೇಕಡಾದ ತನಕ ಜಾಸ್ತಿ ಆಗ್ತದೆ. ಅಂದ್ರೆ ನಾಲ್ಕೂ ಕೆಲಸ ಮಾಡ್ತಿದ್ವು, ಆದ್ರೆ ಒಟ್ಟಿಗೆ ಅಲ್ಲ, ಒಂದು ತಾಳ ಹಿಂದುಮುಂದು.

ಮೀನಲ್ಲದ_ಮೀನು:
ಹಾಗಾದ್ರೆ ಆ ತಾಳ ಪ್ರಾಣಿಯ ವೇಗಕ್ಕೆ ಸರಿಯಾಗಿ ಬದಲಾಗ್ಬೇಕಲ್ಲ, ನಿಧಾನ ಹೋಗುವಾಗ ಸುಳಿ ಹತ್ತಿರ ಹತ್ತಿರ ಇರ್ತದೆ. ಮತ್ತೆ ಪ್ಲೀಸಿಯೋಸಾರ್ ಬಳಗದಲ್ಲೇ ಕುತ್ತಿಗೆ ಗಿಡ್ಡ ಇರುವ ಪ್ಲಿಯೋಸಾರಿಗೆ ಮುಂದಿನ ಹಿಂದಿನ ಹುಟ್ಟಿನ ನಡುವೆ ಅಂತರ ಬೇರೆ. ಅದನ್ನು ಎಲುಬಿನಿಂದಲೇ ಅಳೆಯಬಹುದಾ?

ಮಂಜೇಶ್ವರ_ಮಾಷ್ಟ್ರು:
ಭಾವನವರಿಗೆ ಹೇಳಿ, ನರ್ಸಿಂಗ್ ಅರ್ಜಿ ತುಂಬುದು ಬೇಡ.

ಕಲ್ಲು_ಓದುವವಳು:
ಅಳೆಯಬಹುದು, ಭುಜದ ಗೂಡಿಗೂ ಸೊಂಟದ ಗೂಡಿಗೂ ನಡುವಿನ ದೂರ ಇಡೀ ಅಸ್ಥಿಪಂಜರ ಸಿಕ್ಕಿದವುಗಳಲ್ಲಿ ತೆಗೀಬಹುದು. ಫೋಟೋದಿಂದ ತೆಗೀಬೇಡ, ಚಪ್ಪಟೆಯಾದ ಮಾದರಿಗಳಲ್ಲಿ ದೂರ ಮೋಸ ಮಾಡ್ತದೆ. ಮೊದಲು ಕಾರೈಗೆ ಹೋಗಿ ಬಾ, ಅಷ್ಟರಲ್ಲಿ ನಾನು ಯಾವ ಯಾವ ಮಾದರಿಗೆ ಅಳತೆ ಉಂಟು ಅಂತ ಹುಡುಕಿಡ್ತೇನೆ.